ಮುಚ್ಚಳಕ್ಕೆ ಲೇಖಕರಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ವೈದ್ಯಕೀಯ ಪತ್ರಿಕೆಯ ಮುಂದಿನ ಸಂಚಿಕೆಯಲ್ಲಿ ಬರಲಿರುವ ನನ್ನ ಲೇಖನದ ಕರಡಚ್ಚು ಕೈಸೇರಿದೆ. ಕೊನೆಯ ಉಲ್ಲೇಖಪಟ್ಟಿಯಲ್ಲಿ ಒಂದು ಅಲ್ಪವಿರಾಮವೂ ಆಚೀಚೆಯಾಗಿಲ್ಲ. ಲೇಖನದೊಳಗೆ ಮಾತ್ರ ಔಷಧದ ಅಳತೆ ತಲೆಕೆಳಗಾಗಿದೆ. ತಿದ್ದಿ ಎಂದು ಬರೆದರೆ, ‘ಈ ಹಂತದಲ್ಲಿ ಉಲ್ಲೇಖಗಳಲ್ಲಿನ ದೋಷಗಳನ್ನು ಮಾತ್ರ ಸರಿಪಡಿಸಲಾಗುವುದು’ ಎಂದು ನಿಮ್ಮ ಕಚೇರಿ ಉತ್ತರಿಸಿದೆ. ನಿಮಗೊಬ್ಬರಿಗೇ ಬರೆದು ಪ್ರಯೋಜನವಿಲ್ಲ ಎಂದು ತಿಳಿದ ಮೇಲೆ ಎಲ್ಲರಿಗೂ ಕಾಣುವ ಹಾಗೆ ಬರೆಯುತ್ತಿದ್ದೇನೆ.

ನಾನು ಮಕ್ಕಳ ವೈದ್ಯೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ, ಲಾಂಡ್ರಿಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರು ತಮ್ಮ ಪುಟ್ಟ ಮಗಳನ್ನು ಹೆಗಲ ಮೇಲೆ ಹಾಕಿಕೊಂಡು ವಾರ್ಡಿಗೆ ಓಡಿಬಂದರು. ಮಗುವಿನ ಕೈಗಳು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿದ್ದವು.

“ಎಷ್ಟು ಎಬ್ಬಿಸಿದ್ರೂ ಕಣ್ಣೇ ಬಿಡ್ತಿಲ್ಲ ಡಾಕ್ಟ್ರೇ. ನೆಗಡಿ ಔಷಧಿ ಬಿಟ್ರೆ ಬೇರೇನೂ ಕೊಟ್ಟಿಲ್ಲ.”

“ಎಷ್ಟು ಕೊಟ್ರಿ?”

“ಯಾವಾಗ್ಲೂ ಕೊಡೋಷ್ಟೇ. ಒಂದು ಮುಚ್ಚಳ. ಬಾಟಲಿ ಮೇಲೂ ಹಾಗೇ ಬರೆದಿದೆಯಲ್ಲ?”

ಹೌದು, ಹಾಗೇ ಬರೆದಿತ್ತು. ಮಗು ಮರುದಿನ ಎದ್ದು ನನ್ನ ಸ್ಟೆತಸ್ಕೋಪು ಎಳೆದಾಗ ನಮಗೆಲ್ಲ ಹೋದ ಜೀವ ಬಂದಂತಾಯಿತು. ಆದರೂ ಒಂದು ಮುಚ್ಚಳ ಔಷಧಕ್ಕೆ ಅಷ್ಟು ನಿದ್ದೆ ಹೇಗೆ ಬಂತು ಎಂಬುದು ತಲೆಯಲ್ಲಿ ಕೊರೆಯುತ್ತಿತ್ತು. ಮನೆಯಲ್ಲಿರುವ ಬಾಟಲಿಗಳನ್ನೆಲ್ಲ ತನ್ನಿ ಎಂದೆ. ತಾಯಿ ಹಳೆಯದನ್ನೂ ಹೊಸದನ್ನೂ ತಂದರು. ಹಳೆಯ ಮುಚ್ಚಳಕ್ಕೆ ಸಿರಿಂಜಿನಿಂದ ನೀರು ತುಂಬಿದೆ: ಐದು ಮಿಲಿ. ಹೊಸದಕ್ಕೆ ತುಂಬಿದೆ: ಹತ್ತು. ಕಂಪನಿ ಮುಚ್ಚಳ ಬದಲಿಸಿತ್ತು, ಲೇಬಲ್ ಬದಲಿಸಿರಲಿಲ್ಲ. ವಾರ್ಡಿನ ಹಳೆಯ ಕೇಸ್‌ಶೀಟುಗಳನ್ನು ತೆಗೆಸಿದರೆ, ಕಾರಣ ತಿಳಿಯದ ಮಂಪರು ಎಂದು ಬರೆದು ನಾವು ಮನೆಗೆ ಕಳಿಸಿದ್ದ ಇನ್ನೂ ಕೆಲವು ಮಕ್ಕಳು ಸಿಕ್ಕರು.

ಕಂಪನಿಗೆ ಬರೆದೆ, ಅವರು ನನ್ನ ಕಾಳಜಿಗೆ ಧನ್ಯವಾದ ಹೇಳಿದರು. ಔಷಧ ನಿಯಂತ್ರಣದವರಿಗೆ ಬರೆದೆ. ಪ್ರಕಟವಾದ ವರದಿಯಿದ್ದರೆ ಲಗತ್ತಿಸಿ ಎಂದರು. ಹೀಗಾಗಿ ನಿಮ್ಮ ಬಾಗಿಲಿಗೆ ಬಂದೆ. ಎರಡೇ ಪುಟದ ಲೇಖನ. ಓದಲು ಒಂದು ಕಾಫಿ ಕುಡಿಯುವಷ್ಟು ಹೊತ್ತು ಸಾಕು.

ನಿಮ್ಮ ಕಚೇರಿ ಅದನ್ನು ಓದಲಿಲ್ಲ. ನೇರವಾಗಿ ಕೊನೆಯ ಉಲ್ಲೇಖಪಟ್ಟಿಗೆ ಹೋಯಿತು. ಲೇಖಕರ ಇನಿಶಿಯಲ್‌ಗಳ ನಡುವೆ ಚುಕ್ಕಿ ಇರಕೂಡದು ಎಂದು ಹಿಂದಿರುಗಿಸಿತು. ಚುಕ್ಕಿ ತೆಗೆದೆ. ಪತ್ರಿಕೆಗಳ ಹೆಸರನ್ನು ಮೊಟಕುಗೊಳಿಸಬೇಕು ಎಂದಿತು. ಮೊಟಕುಗೊಳಿಸಿದೆ. ಮೊಟಕುಗೊಳಿಸಿದ್ದು ಅಧಿಕೃತ ಮೊಟಕಲ್ಲ ಎಂದಿತು. ವರ್ಷದ ನಂತರ ಅರ್ಧವಿರಾಮ, ಸಂಪುಟದ ನಂತರ ಕಂಸ, ಕಂಸದ ನಂತರ ವಿವರಣಚಿಹ್ನೆ, ಇವುಗಳ ನಡುವೆ ಎಲ್ಲೂ ಖಾಲಿ ಜಾಗ ಇರಬಾರದು. ನನ್ನ ಯಜಮಾನರು ಶಾಲೆಯಲ್ಲಿ ಗಣಿತ ಮೇಷ್ಟ್ರು. ಭಾನುವಾರ ಊಟದ ತಟ್ಟೆಗಳನ್ನು ಪಕ್ಕಕ್ಕೆ ಸರಿಸಿ, ಅವರು ಒಂದೊಂದೇ ಉಲ್ಲೇಖವನ್ನು ಗಟ್ಟಿಯಾಗಿ ಓದುವುದು, ನಾನು ತಿದ್ದುವುದು.

“ನೂರ ಇಪ್ಪತ್ಮೂರು, ಅಡ್ಡಗೆರೆ, ಒಂಬತ್ತು,” ಎಂದು ಓದಿ ತಲೆಯೆತ್ತಿದರು. “ಇದೇನೇ ಇದು? ನೂರ ಇಪ್ಪತ್ಮೂರರಿಂದ ಒಂಬತ್ತರವರೆಗಾ? ಹಿಂದಕ್ಕೆ ಓದ್ಬೇಕಾ?”

“ನೂರ ಇಪ್ಪತ್ತೊಂಬತ್ತು ಅಂತ ಅರ್ಥರೀ. ಪುಟಸಂಖ್ಯೆ. ಅವರು ಹಾಗೇ ಬರೀಬೇಕು ಅಂತಾರೆ.”

“ನನ್ನ ಕ್ಲಾಸಲ್ಲಿ ಹಾಗೆ ಬರೆದ್ರೆ ಸೊನ್ನೆ ಕೊಡ್ತೀನಿ,” ಎಂದು ಮುಂದಿನದಕ್ಕೆ ಹೋದರು.

ಇಷ್ಟಾದ ಮೇಲೆ ಮುಚ್ಚಳದ ಸರದಿ ಬಂತು. ಹೊಸ ಮುಚ್ಚಳ ಹತ್ತು ಮಿಲಿ ಹಿಡಿಯುತ್ತದೆ ಎಂಬ ಹೇಳಿಕೆಗೆ ಆಧಾರವೇನು, ಉಲ್ಲೇಖಿಸಿ ಎಂದಿರಿ. ನಾನೇ ಅಳೆದೆ ಎಂದರೆ ಸಾಲದಾಯಿತು. ಮುಚ್ಚಳವನ್ನೇ ಉಲ್ಲೇಖಿಸಲು ಹೊರಟೆ. ನಿಮ್ಮ ನಮೂನೆ ಲೇಖಕರ ಹೆಸರು, ಪ್ರಕಟಣೆಯ ವರ್ಷ, ಪುಟಸಂಖ್ಯೆ ಕೇಳಿತು. ಸ್ವಾಮಿ, ಪ್ಲಾಸ್ಟಿಕ್ ಮುಚ್ಚಳವೊಂದರ ಲೇಖಕರು ಯಾರು? ಅದರ ಎಷ್ಟನೇ ಪುಟದಲ್ಲಿ ಹತ್ತು ಮಿಲಿ ಹಿಡಿಯುತ್ತದೆ?

‘ಯಾವಾಗ್ಲೂ ಕೊಡೋಷ್ಟೇ ಕೊಟ್ಟೆ’ ಎಂಬ ತಾಯಿಯ ಮಾತಿಗೂ ಆಧಾರ ಬೇಕಾಯಿತು. ಅದು ಖಾಸಗಿ ಸಂವಹನವಾದ್ದರಿಂದ ಲಿಖಿತ ಅನುಮತಿ ತನ್ನಿ ಎಂದಿರಿ. ಲಾಂಡ್ರಿಗೇ ಹೋದೆ. ಒಳಗೆ ಹಬೆ, ಕಾದ ಬಟ್ಟೆಯ ವಾಸನೆ. ಆಕೆ ಹಾಸಿಗೆ ಹೊದಿಕೆ ಮಡಚುವುದನ್ನು ನಿಲ್ಲಿಸಿ ಕಾಗದ ನೋಡಿದರು. ಮುಖ ಇಳಿದುಹೋಯಿತು.

“ನಾನು ಸುಳ್ಳು ಹೇಳ್ತಿದೀನಿ ಅಂತನಾ ಅವರು? ಜಾಸ್ತಿ ಕುಡಿಸಿ ಮಲಗಿಸ್ದೆ ಅಂತನಾ?”

“ಇಲ್ಲಮ್ಮ, ಬರೀ ನಿಯಮ.”

“ಮನೇಲಿ ಅತ್ತೇನೂ ಹಾಗೇ ಅಂದ್ರು ಡಾಕ್ಟ್ರೇ. ಕೆಲಸಕ್ಕೆ ಹೋಗೋ ಆತುರಕ್ಕೆ ಮಗೂನ ಮಲಗಿಸ್ದೆ ಅಂತ. ನಿಮ್ಮ ಪೇಪರಲ್ಲಿ ಬಂದ್ಮೇಲೆ ಅವರಿಗೆ ತೋರಿಸ್ಬಹುದಾ?”

ತೋರಿಸಬಹುದು ಎಂದೆ. ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಸಹಿ ಹಾಕಿದರು. ಆ ಸಹಿಯ ಪಕ್ಕ ದಿನಾಂಕವಿಲ್ಲವೆಂದು ನಿಮ್ಮ ಕಚೇರಿ ಕಾಗದವನ್ನು ವಾಪಸು ಕಳಿಸಿತು.

ಉಲ್ಲೇಖವೇ ಬೇಡ ಎನ್ನುವವಳಲ್ಲ ನಾನು. ಒಬ್ಬ ವೈದ್ಯ ಹೇಳಿದ್ದನ್ನು ಇನ್ನೊಬ್ಬ ಹೋಗಿ ಪರೀಕ್ಷಿಸಿ ನೋಡಲು ಇರುವ ದಾರಿ ಅದು. ಆ ದಾರಿಯಿಲ್ಲದಿದ್ದರೆ ನಮ್ಮ ವೃತ್ತಿಯಲ್ಲಿ ಬಾಯಿಗೆ ಬಂದದ್ದೇ ಶಾಸ್ತ್ರವಾಗುತ್ತದೆ. ಆದರೆ ದಾರಿ ಇರುವುದು ನಡೆಯುವುದಕ್ಕೋ, ಇಕ್ಕೆಲದ ಕಲ್ಲುಗಳಿಗೆ ಬಣ್ಣ ಬಳಿಯುವುದಕ್ಕೋ?

ನಾನು ದಿನಾಂಕ ಹಾಕಿಸಿ ತರುವ ಹೊತ್ತಿಗೆ ಬೇರೊಂದು ಊರಿನ ಆಸ್ಪತ್ರೆಯಿಂದ ಫೋನು ಬಂತು. ನನ್ನ ಹಳೆಯ ಸಹಪಾಠಿ.

“ನೆಗಡಿ ಔಷಧಿ ಕುಡಿದು ಮಗುವೊಂದು ಏಳ್ತಿಲ್ಲ. ಮಲಗಿದ್ದಲ್ಲೇ ವಾಂತಿ ಆಗಿ ಶ್ವಾಸಕೋಶಕ್ಕೆ ಹೋಗಿದೆ. ನಿನ್ನ ಹತ್ರ ಇಂಥವು ಬಂದಿದ್ವಂತಲ್ಲ?”

“ಮುಚ್ಚಳ ನೋಡು. ಹೊಸದು ಹತ್ತು ಮಿಲಿ.”

ಆತ ಯಾರಿಗೋ ಬಾಟಲಿ ತರಲು ಹೇಳಿ ಮತ್ತೆ ಫೋನಿಗೆ ಬಂದ. “ಗೊತ್ತಿದ್ದೂ ಬರೀಲಿಲ್ವೇನೇ?”

“ಬರ್ದಿದೀನಿ ಕಣೋ. ಉಲ್ಲೇಖ ಸರಿಯಾಗ್ತಿಲ್ಲ.”

ಆತ ನಗಲಿಲ್ಲ. ಆ ಮಗು ವೆಂಟಿಲೇಟರಿನಿಂದ ಹೊರಬಂದು ಈಗ ಮನೆಯಲ್ಲಿದೆ. ಮೊದಲು ಪಟಪಟನೆ ಮಾತಾಡುತ್ತಿತ್ತಂತೆ. ಈಗ ಒಂದೊಂದೇ ಪದವನ್ನು ಹುಡುಕಿ ಹುಡುಕಿ ಹೇಳುತ್ತದೆ.

ಕೊನೆಗೂ ಲೇಖನ ಸ್ವೀಕೃತವಾಯಿತು. ಕರಡಚ್ಚಿನಲ್ಲಿ ನಿಮ್ಮವರು ಅಂಕಿಗಳನ್ನು ಅದಲುಬದಲು ಮಾಡಿದ್ದಾರೆ: ಹಳೆಯ ಮುಚ್ಚಳ ಹತ್ತು, ಹೊಸದು ಐದು. ಇದನ್ನು ಓದುವ ಎಚ್ಚರದ ವೈದ್ಯರು ಏನು ಮಾಡುತ್ತಾರೆ ಯೋಚಿಸಿದ್ದೀರಾ? ಹೊಸ ಮುಚ್ಚಳ ಚಿಕ್ಕದು, ಹಾಗಾಗಿ ಎರಡು ಮುಚ್ಚಳ ಕೊಡಿ ಎನ್ನುತ್ತಾರೆ. ಇಪ್ಪತ್ತು ಮಿಲಿ. ಅದೂ ನನ್ನ ಹೆಸರಿನಲ್ಲಿ, ದೋಷರಹಿತವಾದ ಉಲ್ಲೇಖಪಟ್ಟಿಯೊಂದಿಗೆ.

ಈ ಹಂತದಲ್ಲಿ ಉಲ್ಲೇಖಗಳನ್ನು ಮಾತ್ರ ತಿದ್ದುವಿರಿ ಎಂದಿದ್ದೀರಿ. ಒಪ್ಪಿದೆ. ಈ ಪತ್ರವನ್ನು ದಿನಪತ್ರಿಕೆಯೊಂದಕ್ಕೆ ಕಳಿಸಿದ್ದೇನೆ; ನೀವು ಇದನ್ನು ಓದುತ್ತಿರುವುದು ಅಲ್ಲಿಯೇ. ಅಂದರೆ ಈಗ ಇದಕ್ಕೆ ಲೇಖಕಿಯಿದ್ದಾಳೆ, ದಿನಾಂಕವಿದೆ, ಮೇಲ್ಮೂಲೆಯಲ್ಲಿ ಪುಟಸಂಖ್ಯೆಯಿದೆ. ನಿಮ್ಮದೇ ನಿಯಮದಂತೆ ಇದು ಉಲ್ಲೇಖಕ್ಕೆ ಅರ್ಹ. ಪಟ್ಟಿಯ ಕೊನೆಗೆ ಸೇರಿಸಿಕೊಳ್ಳಿ. ಚುಕ್ಕಿ, ವಿರಾಮ ನಿಮ್ಮಿಷ್ಟ. ಲೇಖನದ ಅಂಕಿಗಳನ್ನು ಈ ಆಧಾರಕ್ಕೆ ಹೊಂದುವಂತೆ ಬದಲಿಸಿ. ಹಳೆಯ ಮುಚ್ಚಳ ಐದು ಮಿಲಿ, ಹೊಸ ಮುಚ್ಚಳ ಹತ್ತು. ಇದನ್ನು ಓದುತ್ತಿರುವ ತಾಯಂದಿರು ನಿಮ್ಮ ತಿದ್ದುಪಡಿಗೆ ಕಾಯಬೇಕಿಲ್ಲ.

ಇಂತಿ,
ತಮ್ಮ ಮೇಲಿನ ವಿಶ್ವಾಸವನ್ನು ಸದ್ಯಕ್ಕೆ ತಡೆಹಿಡಿದಿರುವ,
ಆ ಲೇಖನ ಬರೆದ, ಮಕ್ಕಳ ವಾರ್ಡಿನ ವೈದ್ಯೆ