ಆಕ್ಟೋಪಸ್ ಟೋಪಿ ಮತ್ತು ಏಳನೆಯ ನಗ

ಥೀಮ್ ಪಾರ್ಕಿನ ವಾಹನ ನಿಲುಗಡೆ ಹಾಗೂ ಪ್ರವೇಶ ವ್ಯವಸ್ಥೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಕಳೆದ ತಿಂಗಳ ಎರಡನೆಯ ಭಾನುವಾರ ಬೆಳಿಗ್ಗೆ ನಿಮ್ಮ ಪಾರ್ಕಿನ ಕಾರು ನಿಲ್ಲಿಸುವ ಬಯಲಿನಲ್ಲಿ ನನ್ನ ನಾಲ್ಕು ವರ್ಷದ ಮೊಮ್ಮಗ ಹದಿನಾಲ್ಕು ನಿಮಿಷ ಒಬ್ಬನೇ ಇದ್ದ. ಸುತ್ತಲೂ ಕಾರುಗಳು ರಿವರ್ಸ್ ತೆಗೆಯುತ್ತಿದ್ದವು. ಅವನನ್ನು ಅಲ್ಲಿ ಬಿಟ್ಟು ಹೋದವಳು ನಾನು. ಬಿಟ್ಟು ಹೋಗಲು ಬೇಕಾದ ಸಕಲ ಅನುಕೂಲಗಳನ್ನು ಒದಗಿಸಿದವರು ನೀವು. ನನ್ನ ಪಾಲಿನ ತಪ್ಪನ್ನು ಆರಂಭದಲ್ಲೇ ಒಪ್ಪಿಕೊಂಡೆ, ನೋಡಿ. ದೂರು ಕೊಟ್ಟ ಹನ್ನೆರಡನೆಯ ದಿನ ನಿಮ್ಮ ಕಚೇರಿಯಿಂದ ಬಂದ ಉತ್ತರವನ್ನು ಕನ್ನಡಕ ಹಾಕಿಕೊಂಡು ಎರಡು ಸಲ, ತೆಗೆದಿಟ್ಟು ಒಂದು ಸಲ ಓದಿದೆ. ನಿಮ್ಮ ಪಾಲಿನದು ಎಲ್ಲೂ ಕಾಣಿಸಲಿಲ್ಲ. ಹಾಗಾಗಿ ಈ ಸಲ ಲಕೋಟೆ ಅಂಟಿಸದೆ, ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ.

ನಾನು ಯಾರು ಎಂದು ಹೇಳಿಬಿಟ್ಟರೆ ಮಾತು ಬೇಗ ಮುಗಿಯುತ್ತದೆ. ಮೂವತ್ತೊಂದು ವರ್ಷಗಳಿಂದ ಮನೆ ಬದಲಿಸುವವರ ಸಾಮಾನು ಸಾಗಿಸುವುದು ನನ್ನ ಕಸುಬು. ಕಂಡವರ ಗಾಜಿನ ಲೋಟಗಳಿಗೆ ಹಳೆಯ ಪತ್ರಿಕೆ ಸುತ್ತುವ ಕೂಲಿಯವಳಾಗಿ ಸೇರಿದೆ. ಇವತ್ತು ಮೂರು ಲಾರಿ, ಒಂಬತ್ತು ಜನ ಕೆಲಸಗಾರರು, ಒಂದು ಬೆನ್ನುನೋವು, ಎಲ್ಲವೂ ಸ್ವಂತದ್ದು. ನಾಲ್ಕನೆಯ ಮಹಡಿಯಿಂದ ಪಿಯಾನೊ ಇಳಿಸಿದ್ದೇನೆ. ಮೀನಿನ ಸಮೇತ ಮೀನಿನ ತೊಟ್ಟಿ ಸಾಗಿಸಿದ್ದೇನೆ. ಮೀನುಗಳು ಈವರೆಗೆ ದೂರು ಕೊಟ್ಟಿಲ್ಲ. ವಾಹನದಿಂದ ಬಾಗಿಲಿಗೆ ಒಂದು ವಸ್ತುವನ್ನು ಒಡೆಯದೆ, ಕಳೆಯದೆ ಮುಟ್ಟಿಸುವುದು ಹೇಗೆ ಎಂಬ ಒಂದೇ ವಿದ್ಯೆ ನನಗೆ ಗೊತ್ತಿರುವುದು. ತಮಗೆ ಸಂಬಳ ಬರುವುದೂ ಅದೇ ವಿದ್ಯೆಗಂತೆ.

ಆ ದಿನ ಜೊತೆಗಿದ್ದವರು ಮೂವರು: ನನ್ನ ಮಗಳು, ಸ್ಟ್ರೋಲರಿನಲ್ಲಿ ನಿದ್ದೆ ಹೋಗಿದ್ದ ಅವಳ ಹತ್ತು ತಿಂಗಳ ಪಾಪು, ಪಾಪುವಿನ ಅಣ್ಣ. ಅಣ್ಣನನ್ನು ಮನೆಯಲ್ಲಿ ವಕೀಲ ಎನ್ನುತ್ತೇವೆ, ಯಾಕೆಂದರೆ ನಾವು ಹೇಳಿದ ಮಾತನ್ನೇ ಹಿಡಿದು ನಮ್ಮ ಬಾಯಿ ಮುಚ್ಚಿಸುತ್ತಾನೆ. ಬಯಲಿನ ಗೇಟಿನಲ್ಲಿ ನಿಮ್ಮ ಸಿಬ್ಬಂದಿಯೊಬ್ಬಳು ನಗುನಗುತ್ತಾ, ಬಂದ ಮಕ್ಕಳ ತಲೆಗೆಲ್ಲ ಒಂದೊಂದು ನೀಲಿ ಟೋಪಿ ಹಾಕುತ್ತಿದ್ದಳು. ಟೋಪಿಯ ಮೇಲೆ ನಿಮ್ಮ ಪಾರ್ಕಿನ ಲಾಂಛನವಾದ ಆಕ್ಟೋಪಸ್. ಈ ಟೋಪಿಯನ್ನು ದಯವಿಟ್ಟು ನೆನಪಿಡಿ. ಇದರ ಕೆಲಸ ಮುಂದಿದೆ.

ನಮ್ಮ ಕಾರಿಗೆ ಜಿರಾಫೆ ಸಾಲಿನಲ್ಲಿ ಜಾಗ ಸಿಕ್ಕಿತು. ಅಲ್ಲಿಂದ ಟ್ರಾಮ್ ಹತ್ತುವ ಕಟ್ಟೆಗೆ ನನ್ನ ಕಾಲಲ್ಲಿ ನಾನೂರ ಹನ್ನೆರಡು ಹೆಜ್ಜೆ. ಕಾಲುದಾರಿ ಇಲ್ಲ, ಕಾರು ಓಡಾಡುವ ಹಾದಿಯೇ ಮಕ್ಕಳ ಹಾದಿ. ನೆಲಕ್ಕೆ ಜಲ್ಲಿ ಸುರಿದಿದ್ದೀರಿ. ಲಾರಿಯ ಚಕ್ರಕ್ಕೆ ಜಲ್ಲಿ ಒಳ್ಳೆಯದು, ನನಗೆ ಗೊತ್ತು. ಅಂಗೈಯಗಲದ ಸ್ಟ್ರೋಲರ್ ಚಕ್ರಕ್ಕೆ ಅದು ಬಂಡೆಗಳ ಬೆಟ್ಟ. ಕಟ್ಟೆಗೆ ಹತ್ತು ಹೆಜ್ಜೆ ಇದೆ ಎನ್ನುವಾಗ ಚರಂಡಿಯ ಮೇಲೆ ಒಂದು ಕಬ್ಬಿಣದ ಜಾಲರಿ, ಅದರ ಸಂದುಗಳು ಸರಿಯಾಗಿ ಸ್ಟ್ರೋಲರಿನ ಮುಂದಿನ ಚಕ್ರದಷ್ಟೇ ಅಗಲ. ಅಳತೆ ತೆಗೆದುಕೊಂಡು ಮಾಡಿಸಿದಿರೋ ಏನೋ! ನಮ್ಮ ಮುಂದಿದ್ದ ಮೂರು ಕುಟುಂಬಗಳು ಅಲ್ಲಿ ಸಿಕ್ಕಿಕೊಂಡವು. ನಾಲ್ಕನೆಯವರು ನಾವು. ಈ ದಾರಿಯನ್ನು ರೂಪಿಸಿದವರು ಒಮ್ಮೆಯಾದರೂ ಇದರಲ್ಲಿ ನಡೆದಿದ್ದಾರೆಯೇ? ಅಥವಾ ಹಿಂದಿನ ಗೇಟಿನಿಂದ ನೇರವಾಗಿ ಕಚೇರಿಯ ನೆರಳಿಗೆ ಕಾರು ತಂದು ನಿಲ್ಲಿಸುವವರೇ?

ಇನ್ನು ಟ್ರಾಮ್ ಕಟ್ಟೆ. ಅಲ್ಲಿನ ಫಲಕದ ಪ್ರಕಾರ ಸ್ಟ್ರೋಲರನ್ನು ಮಡಚಬೇಕು. ಮಗುವನ್ನು ಎತ್ತಿಕೊಳ್ಳಬೇಕು. ದೊಡ್ಡ ಮಗುವಿದ್ದರೆ ಕೈ ಹಿಡಿದಿರಬೇಕು. ಚೀಲಗಳು ತೊಡೆಯ ಮೇಲಿರಬೇಕು. ಇಷ್ಟೆಲ್ಲ ಮುಗಿಸಲು ಟ್ರಾಮ್ ನಿಲ್ಲುವುದು ನಲವತ್ತು ಸೆಕೆಂಡು. ಸ್ಟ್ರೋಲರ್ ಮಡಚಲು ಎರಡು ಕೈ ಮತ್ತು ಒಂದು ಕಾಲು, ಮಲಗಿದ ಮಗುವಿಗೆ ಎರಡು ಕೈ, ಎಚ್ಚರವಿರುವ ಮಗುವಿಗೆ ಒಂದು, ಚೀಲಕ್ಕೆ ಒಂದು, ಕಂಬ ಹಿಡಿಯಲು ಒಂದು. ಒಟ್ಟು ಏಳು ಕೈ. ನೀವು ಆಕ್ಟೋಪಸ್ಸನ್ನು ಲಾಂಛನವಾಗಿ ಯಾಕೆ ಆರಿಸಿಕೊಂಡಿರಿ ಎಂದು ನನಗೆ ಅಲ್ಲಿ ಅರ್ಥವಾಯಿತು. ನಿಮ್ಮ ನಿಯಮಗಳನ್ನು ಪಾಲಿಸಿಯೂ ಬೆನ್ನು ತುರಿಸಿಕೊಳ್ಳಲು ಕೈ ಮಿಕ್ಕುವ ಪ್ರಾಣಿ ಅದೊಂದೇ.

ಕಟ್ಟೆಯ ಮೇಲಿದ್ದ ಸೀಟಿಯವನು ಬಾಯಿಂದ ಸೀಟಿ ತೆಗೆದು ಕೂಗಿದ: "ಅಮ್ಮಾ, ಮಡಚಿ, ಮಡಚಿ! ಗಾಡಿ ಹೊರಡತ್ತೆ!"

"ಮಗು ಮಲಗಿದೆಯಪ್ಪಾ, ಈಗ ತಾನೇ ಕಣ್ಣು ಮುಚ್ಚಿದೆ."

"ಮಗೂನ ಮಡಚಿ ಅಂತ ನಾನೆಲ್ಲಿ ಹೇಳಿದೆ? ಸ್ಟ್ರೋಲರ್ ಮಡಚಿ."

ಮಗಳು ಪಾಪುವನ್ನು ಎತ್ತಿಕೊಂಡಳು. ಪಾಪು ಎಚ್ಚರಗೊಂಡು ರಾಗ ತೆಗೆಯಿತು. ಕತ್ತಲ ಮೆಟ್ಟಿಲಿನಲ್ಲಿ ಮಂಚ ಬಿಚ್ಚಿದ ನನ್ನ ಕೈಗೆ ಆ ಸ್ಟ್ರೋಲರಿನ ಕೊಂಡಿ ಬಗ್ಗಲೊಲ್ಲದು. ಹಿಂದಿನಿಂದ ಯಾರೋ, "ಅಜ್ಜಿಗೆ ಬರಲ್ಲ ಬಿಡ್ರೀ, ಮುಂದೆ ಹೋಗೋಣ" ಎಂದರು. ಪಿಯಾನೊ ಇಳಿಸಿದವಳಿಗೆ ಈ ಮಾತು! ಕೊಂಡಿಯನ್ನು ಒದ್ದೆ. ಸ್ಟ್ರೋಲರ್ ಧಡಕ್ಕನೆ ಮಡಚಿಕೊಂಡಿತು. ಆ ರಭಸಕ್ಕೆ ಅದಕ್ಕೆ ಸಿಕ್ಕಿಸಿದ್ದ ಪಾಪುವಿನ ಗಿಲಕಿ ಹಾರಿ ಕಟ್ಟೆಯ ಮೇಲೆ ಬಿತ್ತು. ನಾನು ನೋಡಲಿಲ್ಲ. ವಕೀಲ ನೋಡಿದ.

ಇಲ್ಲಿ ನನ್ನ ತಪ್ಪು ಬರುತ್ತದೆ. ನಮ್ಮ ಕಸುಬಿನಲ್ಲಿ ಸಾಗಿಸುವ ಪ್ರತಿ ಸಾಮಾನೂ ಒಂದು ನಗ. ಲಾರಿ ಹೊರಡುವ ಮುಂಚೆ ನಗಗಳನ್ನು ಅಂಗೈಯಿಂದ ಮುಟ್ಟಿ ಮುಟ್ಟಿ ಎಣಿಸುತ್ತೇವೆ. ಕಣ್ಣು ಮೋಸ ಹೋಗುತ್ತದೆ, ಕೈ ಹೋಗುವುದಿಲ್ಲ ಎಂದು ಹುಡುಗರಿಗೆಲ್ಲ ಕಲಿಸಿದವಳು ನಾನೇ. ಮನೆಮಂದಿಯೊಡನೆ ಹೊರಟಾಗಲೂ ಅದೇ ಅಭ್ಯಾಸ. ಅವತ್ತು ನಮ್ಮದು ಏಳು ನಗ. ಸ್ಟ್ರೋಲರ್ ಒಂದು, ಹಾಲಿನ ಚೀಲ ಎರಡು, ಬಟ್ಟೆಯ ಚೀಲ ಮೂರು, ಛತ್ರಿ ನಾಲ್ಕು, ಮಗಳು ಐದು, ಪಾಪು ಆರು, ಸ್ವಂತ ಕಾಲ ಮೇಲೆ ನಿಲ್ಲುವವನಾದ್ದರಿಂದ ವಕೀಲ ಕೊನೆಗೆ, ಏಳು. ಟ್ರಾಮಿನಲ್ಲಿ ಕೂತವಳೇ, ತೊಡೆಯ ಮೇಲಿನ ಸ್ಟ್ರೋಲರ್ ಜಾರದಂತೆ ಗಲ್ಲದಿಂದ ಒತ್ತಿ ಹಿಡಿದು, ಮುಟ್ಟಿ ಎಣಿಸಿದೆ. ಏಳನೆಯದಕ್ಕೆ ಕೈ ಚಾಚಿದಾಗ ಪಕ್ಕದಲ್ಲಿ ಟೋಪಿ ಹಾಕಿದ ಪುಟ್ಟ ತಲೆ ಸಿಕ್ಕಿತು. ಲೆಕ್ಕ ಸರಿಹೋಯಿತು. "ಹೊರಡಲಿ" ಎಂದೆ, ನಮ್ಮ ಲಾರಿಯವನಿಗೆ ಹೇಳುವ ಹಾಗೆ.

ಟ್ರಾಮ್ ಹೊರಟು ತಿರುವು ದಾಟಿದ ಮೇಲೆ ಆ ತಲೆ ನನ್ನ ಕಡೆ ತಿರುಗಿ, "ನೀವ್ಯಾರು?" ಎಂದು ಕೇಳಿತು. ನೀಲಿ ಟೋಪಿ, ಆಕ್ಟೋಪಸ್. ಪಕ್ಕದ ಸೀಟಿನವರ ಮಗು.

"ಅಮ್ಮಾ, ವಕೀಲ ಎಲ್ಲಿ?" ಮಗಳು ಕೇಳಿದಳು. ಮೂವತ್ತೊಂದು ವರ್ಷದಲ್ಲಿ ಒಂದು ಚಮಚ ಕಳೆಯದವಳು ನಾನು.

ಟ್ರಾಮನ್ನು ನಿಲ್ಲಿಸಲು ಗಂಟೆ ಇಲ್ಲ, ಹಗ್ಗ ಇಲ್ಲ. ಚಾಲಕ ಗಾಜಿನ ಪೆಟ್ಟಿಗೆಯೊಳಗಿದ್ದ. ಮಗಳು ಕಿರುಚಿದಳು, ಧ್ವನಿವರ್ಧಕದಲ್ಲಿ ನಿಮ್ಮ ಆಕ್ಟೋಪಸ್ ಅವಳಿಗಿಂತ ಜೋರಾಗಿ ಸ್ವಾಗತಗೀತೆ ಹಾಡುತ್ತಿತ್ತು. ಎದುರು ಸೀಟಿನವರು ಅವಳೇನೋ ಖುಷಿಯಿಂದ ಕೂಗುತ್ತಿದ್ದಾಳೆ ಎಂದುಕೊಂಡು ಚಪ್ಪಾಳೆ ತಟ್ಟಿದರು. ಹೀಗೆ ಆರು ನಿಮಿಷ.

ಮುಖ್ಯದ್ವಾರದಲ್ಲಿ ಇಳಿದು ಅದೇ ಟ್ರಾಮಿನಲ್ಲಿ ವಾಪಸ್ ಹೋಗುತ್ತೇವೆ ಎಂದರೆ ಚಾಲಕ, "ಬೆಳಿಗ್ಗೆ ವಾಪಸ್ ಸವಾರಿ ಇಲ್ಲ ಮೇಡಂ, ಸಂಜೆ ನಾಲ್ಕರ ಮೇಲೆ" ಎಂದ. ಕೌಂಟರಿನ ಹೆಂಗಸನ್ನು ಕೇಳಿದೆ. "ಕಳೆದುಹೋದ ಮಕ್ಕಳ ವಿಭಾಗ ಒಳಗಿದೆ, ಟಿಕೆಟ್ ತೋರಿಸಿ ಹೋಗಿ."

"ಮಗು ಹೊರಗೆ ಕಳೆದಿದೆಯಮ್ಮಾ."

"ಹೊರಗೆ ಕಳೆದಿದ್ದು ನಮಗೆ ಬರಲ್ಲ."

ಮಗಳು ಪಾಪುವನ್ನು ನನ್ನ ಮಡಿಲಿಗೆ ಹಾಕಿ ಓಡಿದಳು. ಎಂಟು ನಿಮಿಷ ಓಡಿದ್ದಾಳೆ. ಅರ್ಧ ದಾರಿಯಲ್ಲಿ ನಿಮ್ಮ ಖಾಲಿ ಟ್ರಾಮ್ ಅವಳ ಪಕ್ಕದಲ್ಲೇ, ಸ್ವಾಗತಗೀತೆ ಹಾಡುತ್ತಾ, ಅವಳನ್ನು ಹಿಂದೆ ಹಾಕಿ ಹೋಯಿತು. ಈ ವಾಕ್ಯವನ್ನು ಇನ್ನೊಮ್ಮೆ ಓದಿ ಎಂದು ತಮ್ಮನ್ನು ಕೇಳಿಕೊಳ್ಳುತ್ತೇನೆ. ಖಾಲಿ ಟ್ರಾಮ್, ಮಗುವಿರುವ ದಿಕ್ಕಿಗೇ.

ಮುಂದಿನದು ಮಗಳು ಬಂದು ಹೇಳಿದ್ದು. ಗಿಲಕಿ ಎತ್ತಿಕೊಳ್ಳಲು ವಕೀಲ ಟ್ರಾಮಿನಿಂದ ಇಳಿದಿದ್ದ. ಟ್ರಾಮ್ ಹೋದ ಮೇಲೆ ಕಟ್ಟೆಯಲ್ಲೇ ನಿಂತಿದ್ದವನಿಗೆ ಸೀಟಿಯವನು, "ಹಳದಿ ಗೆರೆ ಹತ್ರ ನಿಲ್ಲಬಾರದು ಪುಟ್ಟಾ, ಅಮ್ಮನ ಹತ್ರ ಹೋಗು" ಎಂದು ಗೆರೆಯಿಂದ ಈಚೆ ಕಳಿಸಿದ್ದಾನೆ. ಹುಡುಗ ಆ ಜಾಲರಿ ದಾಟಿ, ಆ ಜಲ್ಲಿಯಲ್ಲಿ ನಡೆದು, ಜಿರಾಫೆಯ ಚಿತ್ರ ಹುಡುಕಿಕೊಂಡು ನಮ್ಮ ಕಾರಿನ ಹಿಂಚಕ್ರದ ಬಳಿ ಹೋಗಿ ಕೂತಿದ್ದಾನೆ. ಅಕ್ಷರ ಬಾರದ ಮಕ್ಕಳಿಗೂ ಗುರುತು ಸಿಗುವಂತೆ ಸಾಲಿಗೊಂದು ಚಿತ್ರ ಬರೆಸಿದ್ದೀರಿ. ಅದೊಂದು ಒಳ್ಳೆಯ ಕೆಲಸ, ಒಪ್ಪುತ್ತೇನೆ. ಪಕ್ಕದ ವ್ಯಾನಿನ ಹೆಂಗಸು ಹಿಂದಕ್ಕೆ ತೆಗೆಯಲು ಗೇರ್ ಹಾಕಿದ್ದಳಂತೆ. ಕನ್ನಡಿಯಲ್ಲಿ ಯಾರೂ ಕಂಡಿಲ್ಲ. ಕಿಟಕಿ ತೆರೆದಿದ್ದುದರಿಂದ ಗಿಲಕಿಯ ಸದ್ದು ಕೇಳಿ, ಇದೇನಿದು ಎಂದು ಇಳಿದು ನೋಡಿದ್ದಾಳೆ. ಅವಳ ವ್ಯಾನಿಗೂ ಆ ನೀಲಿ ಟೋಪಿಗೂ ನಡುವೆ ಒಂದು ಗೇಣು.

ಸದ್ದು ಯಾಕೆ ಮಾಡುತ್ತಿದ್ದೆ ಎಂದು ಆಮೇಲೆ ಕೇಳಿದೆ. "ಪಾಪುಗೆ ಕೇಳ್ಸತ್ತಲ್ಲ, ಅದು ಅಳತ್ತೆ, ಆಗ ನೀವು ಬರ್ತೀರಿ" ಎಂದ. ಇಳಿದದ್ದು ಯಾಕೋ ಎಂದೆ. "ಬಿದ್ದ ಸಾಮಾನು ಬಿಟ್ಟು ಗಾಡಿ ಹತ್ಬಾರ್ದು ಅಂತ ನೀನೇ ಹೇಳಿದ್ದು." ವಾದ ಮುಗಿಯಿತು. ಕೆಲಸದ ನಿಯಮ ಪಾಲಿಸಿದವನು ಅವನು. ಮುರಿದವಳು ನಾನು.

ಈಗ ತಮ್ಮ ಉತ್ತರಕ್ಕೆ ಬರೋಣ. 'ಮಕ್ಕಳ ಮೇಲ್ವಿಚಾರಣೆಯು ಸಂಪೂರ್ಣವಾಗಿ ಪೋಷಕರ ಹೊಣೆಯಾಗಿರುತ್ತದೆ' ಎಂದಿದ್ದೀರಿ. ಪೋಷಕರ ಕೈಗಳನ್ನೆಲ್ಲ ಮಡಚುವ ಕೆಲಸಕ್ಕೆ ಹಚ್ಚಿ, ಮಕ್ಕಳಿಗೆಲ್ಲ ಒಂದೇ ಟೋಪಿ ತೊಡಿಸಿ, ಆಮೇಲೆ ಈ ಮಾತು ಹೇಳಲು ವಿಶೇಷ ತರಬೇತಿ ಬೇಕು. 'ಸುರಕ್ಷತೆಯ ಹಿತದೃಷ್ಟಿಯಿಂದ ಟ್ರಾಮಿನಲ್ಲಿ ಮಡಚದ ಚಕ್ರವಾಹನಗಳಿಗೆ ಅವಕಾಶವಿಲ್ಲ' ಎಂದಿದ್ದೀರಿ. ಹೌದೇ? ಮಗಳು ಓಡಿದ ಮೇಲೆ ನಾನು ಅಳುವ ಪಾಪುವನ್ನು ಹಿಡಿದು ದ್ವಾರದ ಬಳಿ ಕೂತಿದ್ದೆನಲ್ಲ, ಕಣ್ಣಿಗೆ ಬೇರೆ ಕೆಲಸವಿರಲಿಲ್ಲ. ನಮ್ಮ ಹಿಂದಿನ ಟ್ರಾಮ್ ಬಂದು ನಿಂತಿತು. ಅದರ ಕೊನೆಯ ಬೋಗಿಯ ಬಾಗಿಲು ಕೆಳಕ್ಕೆ ಬಾಗಿ ಇಳಿಜಾರಾಯಿತು. ತಂಪು ಪಾನೀಯದ ಪೆಟ್ಟಿಗೆಗಳನ್ನು ಹೇರಿದ ಚಕ್ರದ ಗಾಡಿಗಳು ಒಂದಾದ ಮೇಲೊಂದು, ಆರಾಮವಾಗಿ, ಉರುಳಿಕೊಂಡು ಇಳಿದವು. ಯಾವುದನ್ನೂ ಮಡಚಿರಲಿಲ್ಲ. ಪ್ರತಿಯೊಂದಕ್ಕೂ ಗೋಡೆಗೆ ಬಿಗಿಯುವ ಪಟ್ಟಿ ಇತ್ತು. ಒಬ್ಬ ನಿಂತು ಪಟ್ಟಿ ಹಾಕಿ ಹೇರುತ್ತಾನಂತೆ, ಇನ್ನೊಬ್ಬ ನಿಂತು ಇಳಿಸುತ್ತಾನೆ; ಇಬ್ಬರೂ ಚೀಟಿಗೆ ಗುರುತು ಹಾಕುತ್ತಾರೆ. ಇಡೀ ಪಾರ್ಕಿನಲ್ಲಿ ನಾನು ಕಂಡ ಒಂದೇ ಅಚ್ಚುಕಟ್ಟು ಸಾಗಣೆ ಅದು. ಬಾಟಲಿ ಕಳೆದರೆ ಯಾರು ಉತ್ತರ ಹೇಳಬೇಕು ಎಂಬುದು ನಿಮ್ಮಲ್ಲಿ ನಿಶ್ಚಯವಾಗಿದೆ, ಮಗುವಿನ ವಿಷಯ ಮಾತ್ರ ಇನ್ನೂ ಪರಿಶೀಲನೆಯಲ್ಲಿದೆ ಎಂದು ತಿಳಿಯಲೇ?

ಹಾಗಾಗಿ ನನ್ನ ಬೇಡಿಕೆ ಬಹಳ ಚಿಕ್ಕದು. ನಿಮ್ಮ ದರ್ಜೆಪಟ್ಟಿಯಲ್ಲಿ ಚಿಕ್ಕ ಮಕ್ಕಳನ್ನು ತಂಪು ಪಾನೀಯದ ಪೆಟ್ಟಿಗೆಯ ಮಟ್ಟಕ್ಕೆ ಏರಿಸಿ. ಅದಕ್ಕಿಂತ ಹೆಚ್ಚು ಕೇಳುವುದಿಲ್ಲ. ಪ್ರತಿ ಟ್ರಾಮಿಗೂ ಅಂಥದೇ ಇಳಿಜಾರಿನ ಇನ್ನೊಂದು ಬೋಗಿ ಜೋಡಿಸಿ, ಸ್ಟ್ರೋಲರುಗಳು ಮಲಗಿದ ಮಗುವಿನ ಸಮೇತ ಉರುಳಿ ಒಳಬರಲಿ, ಅದೇ ಪಟ್ಟಿ ಬಿಗಿಯಿರಿ, ತಾಯಿ ಪಕ್ಕದಲ್ಲೇ ಕೂರಲಿ. ಬೋಗಿಗೊಂದು ಗಂಟೆಯ ಹಗ್ಗ ಕಟ್ಟಿಸಿ. ಖಾಲಿ ಹೋಗುವ ಟ್ರಾಮಿನಲ್ಲಿ ಓಡುವವರನ್ನು ಹತ್ತಿಸಿಕೊಳ್ಳಿ. ಒಂಟಿ ಮಗು ಕಂಡರೆ ಗೆರೆಯಿಂದ ಈಚೆ ಅಟ್ಟುವ ಬದಲು ಅದರ ಕೈ ಹಿಡಿದುಕೊಂಡು ನಿಲ್ಲಬೇಕೆಂದು ಸೀಟಿಯವನಿಗೆ ಬರೆದು ಕೊಡಿ. ಅವನು ಕೆಟ್ಟವನಲ್ಲ, ಬರೆದುಕೊಟ್ಟದ್ದನ್ನು ಮಾಡುವವನು. ಆ ಜಾಲರಿಯ ಮೇಲೆ ಒಂದು ಹಲಗೆಯನ್ನಂತೂ ನಾಳೆಯೇ ಹಾಕಬಹುದು. ಹಲಗೆ ನಾನೇ ಕಳಿಸುತ್ತೇನೆ, ಗೋದಾಮಿನಲ್ಲಿ ಬಿದ್ದಿದೆ.

ಇದೆಲ್ಲ ಅತಿಶಯ ಎನಿಸಿದರೆ ಒಂದು ಭಾನುವಾರ ತಾವೇ ಬನ್ನಿ. ಹಿಂದಿನ ಗೇಟಿನಿಂದಲ್ಲ, ಜಿರಾಫೆ ಸಾಲಿನಿಂದ. ಒದೆಯುವ ಒಂಬತ್ತು ಕಿಲೋದ ಒಂದು ನಗವನ್ನು ನಾನೇ ಒದಗಿಸುತ್ತೇನೆ. ನಲವತ್ತು ಸೆಕೆಂಡಿನಲ್ಲಿ ಸ್ಟ್ರೋಲರ್ ಮಡಚಿ ತೋರಿಸಿ. ಸೀಟಿ ನಾನು ಊದುತ್ತೇನೆ.

ಉತ್ತರದ ಜೊತೆ ಒಂದು ಕೂಪನ್ ಇಟ್ಟಿದ್ದಿರಿ: ಮುಂದಿನ ಭೇಟಿಗೆ ಕಾರು ನಿಲುಗಡೆ ಉಚಿತ. ಮೊಮ್ಮಗನನ್ನು ಕಳೆದುಕೊಂಡ ಅದೇ ಬಯಲಿನಲ್ಲಿ! ತಮ್ಮ ಔದಾರ್ಯ ದೊಡ್ಡದು, ನಾನು ಅದಕ್ಕೆ ತಕ್ಕವಳಲ್ಲ. ಕೂಪನ್ ಈ ಪತ್ರದೊಂದಿಗೆ ವಾಪಸ್ ಬರುತ್ತಿದೆ.

ಮಗಳು ನನ್ನನ್ನು ಒಂದು ಮಾತೂ ಬೈದಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. ಆದರೆ ಈಗ ಕಾರಿರಲಿ, ಬಸ್ಸಿರಲಿ, ಮೂರು ಮಹಡಿಯ ಲಿಫ್ಟಿರಲಿ, ಒಳಗೆ ಕಾಲಿಟ್ಟ ಕೂಡಲೇ ವಕೀಲ ಟೋಪಿಯಿಲ್ಲದ ತಲೆಯನ್ನು ಹಿಂದಕ್ಕೆ ಬಾಗಿಸಿ, ನನ್ನ ಸೆರಗು ಜಗ್ಗುತ್ತಾನೆ. ನಾನು ಎಣಿಸಲು ಕೈ ಚಾಚುವ ಮುಂಚೆಯೇ ಹೇಳುತ್ತಾನೆ: "ಏಳು ನಾನು, ಅಜ್ಜಿ. ಮುಟ್ಬೇಡ. ಮುಖ ನೋಡು."

ನೋಡುತ್ತೇನೆ. ತಾವೂ ಒಮ್ಮೆ ನೋಡಬೇಕು.

ಇಂತಿ,
ಐವತ್ತೆಂಟನೆಯ ವಯಸ್ಸಿನಲ್ಲಿ ಎಣಿಕೆಯನ್ನು ಮೊದಲಿನಿಂದ ಕಲಿಯುತ್ತಿರುವ,
ಚಮಚ ಕಳೆಯದ ಸಾಗಣೆಯವಳು