ವಾಚನಾಲಯದ ನಡುವಿನ ಪ್ಲೈವುಡ್ಡು

ಮಾನ್ಯ ಗ್ರಂಥಾಲಯಾಧಿಕಾರಿಗಳೇ,

ನಮ್ಮ ವಾಚನಾಲಯದ ನಡುವೆ ತಾವು ನಿಲ್ಲಿಸಿರುವ ಪ್ಲೈವುಡ್ ಗೋಡೆಯಿಂದ ಮೊನ್ನೆ ಒಂದು ಜೀವ ಹೋಗುವುದರಲ್ಲಿತ್ತು. ಚುನಾವಣೆಯ ಹೊತ್ತಿನಲ್ಲಿ ಓದುಗರು ಕೂಗಾಡಿದ್ದು ನಿಜ, ಒಂದು ಕುರ್ಚಿಯ ಕಾಲು ಮುರಿದದ್ದೂ ನಿಜ. ಕುರ್ಚಿ ರಿಪೇರಿ ಮಾಡಿಸುವುದು ಬಿಟ್ಟು ತಾವು ಊರನ್ನೇ ರಿಪೇರಿ ಮಾಡಲು ಹೊರಟಿರಿ. ಯಾವ ಪತ್ರಿಕೆ ಓದುತ್ತೀರೆಂದು ಕೇಳಿ ಒಬ್ಬರಿಗೆ ಹಳದಿ ಕಾರ್ಡು, ಇನ್ನೊಬ್ಬರಿಗೆ ನೀಲಿ. ಬಾಗಿಲೂ ಬೇರೆ ಬೇರೆ. ಎಂಥಾ ದೂರದೃಷ್ಟಿ!

ನಾನು ದರ್ಜಿ, ಹಳದಿ. ನನ್ನ ಅಕ್ಕನ ಗಂಡ ನೀಲಿ. ಇಪ್ಪತ್ತಾರು ವರ್ಷ ಒಂದೇ ಮೇಜಿನಲ್ಲಿ ಕೂತು ನನ್ನನ್ನು ಕೆಣಕಲೆಂದೇ ಅವರು ಸಂಪಾದಕೀಯವನ್ನು ಗಟ್ಟಿಯಾಗಿ ಓದುತ್ತಿದ್ದರು. ಗೋಡೆ ಬಂದ ಮೇಲೆ ದನಿ ಇನ್ನಷ್ಟು ಏರಿಸಿದರು, ಪಾಪ.

ಕಳೆದ ಮಂಗಳವಾರ ಆ ದನಿ ಅರ್ಧ ವಾಕ್ಯಕ್ಕೇ ನಿಂತಿತು. ಭಾವ ಹತ್ತು ನಿಮಿಷ ಸುಮ್ಮನಿದ್ದಾರೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಗೋಡೆ ತಟ್ಟಿದೆ. "ಯಾರ್ರೀ ಅದು, ಓದೋಕೆ ಬಿಡಿ!" ಎಂದರು ಆ ಕಡೆಯಿಂದ ಯಾರೋ. ಕಟ್ಟಡ ಸುತ್ತಿಕೊಂಡು ಓಡಿದೆ.

ಕಾವಲುಗಾರ ಅಡ್ಡ ನಿಂತ. "ನಿಮ್ದು ಹಳದಿ, ಆ ಬಾಗಿಲಿಗೆ ಹೋಗಿ ಸಾರ್."

"ಒಳಗಿರೋದು ನನ್ನ ಭಾವ ಕಣಯ್ಯಾ!"

"ಭಾವನ ಬಗ್ಗೆ ಸುತ್ತೋಲೆಯಲ್ಲಿ ಏನೂ ಬರ್ದಿಲ್ಲ ಸಾರ್."

ತಳ್ಳಿಕೊಂಡೇ ನುಗ್ಗಿದೆ. ಭಾವ ಪತ್ರಿಕೆಯ ಮೇಲೆ ಮುಖವಿಟ್ಟು ಬೆವರಿನಲ್ಲಿ ತೊಯ್ದಿದ್ದರು. ಸುತ್ತಲಿದ್ದವರು ನಿದ್ದೆ ಎಂದುಕೊಂಡಿದ್ದರಂತೆ. ಎಲ್ಲರೂ ಒಂದೇ ಮಾತಿಗೆ ತಲೆಯಾಡಿಸುವ ಕಡೆ ನಿದ್ದೆ ಬರದೆ ಇನ್ನೇನು? ಸಕ್ಕರೆ ಕಾಯಿಲೆಯವರು, ತಿಂಡಿ ಬಿಟ್ಟು ಬಂದು ಮೈಯಲ್ಲಿ ಸಕ್ಕರೆ ಇಳಿದುಬಿಟ್ಟಿತ್ತು. ಅದೇ ಕಾವಲುಗಾರ ತನ್ನ ಚಹಾದ ಸಕ್ಕರೆ ಡಬ್ಬ ತಂದುಕೊಟ್ಟ. ನೀರಿಗೆ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿದೆವು.

ಕಣ್ಣು ಬಿಟ್ಟವರೇ, "ನೀನ್ಯಾಕೋ ಈ ಕಡೆ?" ಎಂದರು.

"ನಿಮ್ಮ ಗಲಾಟೆ ಕೇಳಿಸ್ಲಿಲ್ಲ, ಅದಕ್ಕೆ."

ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಸಂಜೆ ಅಕ್ಕ ನನ್ನ ಕೈ ಹಿಡಿದುಕೊಂಡು ಕೂತಳು. ಭಾವ ಮಾತ್ರ ಮಂಚದಿಂದಲೇ ನನ್ನ ಪಕ್ಷಕ್ಕೆ ಬೈಯುತ್ತಿದ್ದರು. ನಾವು ರಾಜಿಯಾಗಿಲ್ಲ ಸ್ವಾಮೀ, ಆಗುವ ಯೋಚನೆಯೂ ಇಲ್ಲ. ಆದರೆ ನನ್ನ ಜೊತೆ ಜಗಳವಾಡುವ ಮನುಷ್ಯ ನನ್ನ ಕಣ್ಣೆದುರಿಗಿರಬೇಕು.

ಸೋಮವಾರದೊಳಗೆ ಗೋಡೆ ತೆಗೆಸಿ. ತಪ್ಪು ಬಾಗಿಲಲ್ಲಿ ನುಗ್ಗಿದ್ದಕ್ಕೆ ತಮ್ಮ ಕಚೇರಿ ಕಳಿಸಿದ ನೋಟಿಸಿಗೆ ಖುದ್ದಾಗಿ ಬಂದು ಉತ್ತರಿಸುತ್ತೇನೆ. ಸಾಕ್ಷಿಗೆ ಭಾವನೂ ಬರುತ್ತಾರೆ. ಮೂವತ್ತು ವರ್ಷ ಬಸ್ ಕಂಡಕ್ಟರಾಗಿದ್ದವರು. ಎಲ್ಲ ಪಕ್ಷದವರನ್ನೂ "ಒಳಗೆ ಸರೀರಿ, ಜಾಗ ಇದೆ" ಎಂದು ಒಂದೇ ಬಸ್ಸಿಗೆ ತುಂಬಿದ ಅನುಭವ ಅವರಿಗಿದೆ.

ಇಂತಿ,
ಅತಿಕ್ರಮ ಪ್ರವೇಶದ ಆರೋಪಿ,
ಒಬ್ಬ ದರ್ಜಿ