ಬೆಲೆ ಕಟ್ಟುವವರು ಬಂದ ದಿನ

ಡರಮ್, ಸೋಮವಾರ

ಶ್ರೀಮತಿ ಹಾಲೊವೇ ಅವರಿಗೆ,

ಕರಿಯರ ಮನೆಗಳ ದುರಸ್ತಿಗೆ ನಿಮ್ಮ ಸಂಸ್ಥೆ ಕೊಡುವ ನೆರವಿಗಾಗಿ ಗುರುವಾರ ನಿಮ್ಮ ಕಡೆಯವರು ನನ್ನ ಮನೆ ನೋಡಲು ಬರುವುದಾಗಿ ಬರೆದಿದ್ದೀರಿ. ಸಂತೋಷ. ಮುಂಬಾಗಿಲ ಮೆಟ್ಟಿಲು ಅಲುಗಾಡುತ್ತದೆ, ಕಂಬಿ ಹಿಡಿದೇ ಹತ್ತಲು ಹೇಳಿ.

ಹಿಂದೊಮ್ಮೆ ಸಾಲಕ್ಕಾಗಿ ಬ್ಯಾಂಕಿನಿಂದ ಬೆಲೆ ಕಟ್ಟುವವರು ಬಂದಿದ್ದರು. ಮನೆ ಕರಿಯರದೆಂದು ಗೊತ್ತಾದರೆ ಬೆಲೆ ಇಳಿಯುತ್ತದೆ. ನಮ್ಮವರೆಲ್ಲ ಮಾಡುವಂತೆ ನಾವೂ ಗೋಡೆಯ ಮೇಲಿನ ನಮ್ಮ ಫೋಟೋಗಳನ್ನೆಲ್ಲ ತೆಗೆದಿಟ್ಟೆವು. ಮಗಳು ಲೊರೇನ್‌ಳ ಬಿಳಿಯ ಗೆಳತಿ ಮನೆಯವಳಂತೆ ಬಾಗಿಲು ತೆರೆದಳು. ನಾನೂ ನನ್ನ ಗಂಡ ಕ್ಲಿಫ್ಟನ್ನರೂ ಬೀದಿಯ ತುದಿಯಲ್ಲಿ ಕಾರಿನೊಳಗೆ ಕೂತಿದ್ದೆವು. ಈ ಮನೆಯ ಒಂದೊಂದು ಇಟ್ಟಿಗೆಯನ್ನೂ ಜೋಡಿಸಿದವರು ಅವರು.

"ನೋಡೇ ವರ್ನೆಲ್, ನಾನ್ ಕಟ್ಟಿದ್ ಮನೇಲಿ ನಾನಿಲ್ದೇ ಇದ್ರೇನೇ ಅದಕ್ಕೆ ಬೆಲೆಯಂತೆ!" ಎಂದು ನಕ್ಕರು. ಬೆಲೆ ಚೆನ್ನಾಗಿಯೇ ಬಂತು. ಅವರು ಮಾತ್ರ ಅಂದು ಊಟ ಮಾಡಲಿಲ್ಲ.

ಅವರು ತೀರಿಕೊಂಡ ಮೇಲೂ, ಹೊರಗೆ ಕಾರಿನ ಬಾಗಿಲ ಸದ್ದಾದರೆ ಕಾಫಿ ಬಿಸಿಗಿಡಲು ಏಳುತ್ತೇನೆ.

ನಿಮ್ಮ ಪತ್ರ ಬಂದದ್ದೇ ತಡ, ಲೊರೇನ್ ಮತ್ತೆ ಫೋಟೋ ಇಳಿಸಲು ಸ್ಟೂಲು ಹತ್ತಿದಳು. "ಇವ್ರು ನಮ್ಮೋರ್ಗೇ ಅಂತ ಕೊಡೋರು, ನಿಜ. ಆದ್ರೂ ಯಾಕಮ್ಮಾ ರಿಸ್ಕು?" ಅಂದಳು.

"ಇಳಿಯೇ ಕೆಳಗೆ," ಅಂದೆ.

ನನ್ನದೊಂದೇ ಕೋರಿಕೆ. ಬಂದವರು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಲಿ. ಗೋಡೆ ಸರಿಯಾಗಿ ಕಾಣುತ್ತದೆ. ಚರ್ಚಿನಲ್ಲಿ ಹಾಡುವವರ ನಿಲುವಂಗಿ ತೊಟ್ಟು ನಗುತ್ತಿರುವವರೇ ಕ್ಲಿಫ್ಟನ್. ನೆರವು ಸಿಗಲಿ, ಬಿಡಲಿ, ಈ ಸಲ ಯಜಮಾನರು ಮನೆಯಲ್ಲೇ ಇರುತ್ತಾರೆ.

ಗುರುವಾರದ ದಾರಿ ನೋಡುತ್ತ,
ವರ್ನೆಲ್ ಗ್ಯಾಸ್ಕಿನ್ಸ್